ಮನೆ ಅಂಗಳದಲ್ಲೇ ಪಿಕಪ್ ಇಂಜಿನ್ ಇಳಿಸಿ ಬೇರೆ ಕೂರಿಸೋದು: ಕೈ ಹಾಕಲಾ, ಬೇಡ್ವಾ?

ಅಡಿಕೆ ಪಿಕಪ್ (ತೀರ್ಥಹಳ್ಳಿ ಕಡೆ)

ಎಲ್ಲರಿಗೂ ನಮಸ್ಕಾರ. ಗಾಡಿ 2009ರ ಬೊಲೆರೊ ಪಿಕಪ್. 2523 ಸಿಸಿ, ನಾಲ್ಕು ಸಿಲಿಂಡರು, ಮೆಕ್ಯಾನಿಕಲ್ ಪಂಪು, ಟರ್ಬೊ ಇದೆ. ಹೋದ ತಿಂಗಳು ಕರಾವಳಿಯಿಂದ ಮೀನುಗೊಬ್ಬರ ಹೇರಿಕೊಂಡು ಆಗುಂಬೆ ಘಾಟಿ ಹತ್ತುತ್ತಿದ್ದೆ. ರೇಡಿಯೇಟರಿನ ಕೆಳಗಿನ ಹೋಸಿನ ಕ್ಲಿಪ್ಪು ಸಡಿಲಾಗಿ ನೀರೆಲ್ಲ ಸೋರಿಹೋಗಿದ್ದು ಗೊತ್ತೇ ಆಗಲಿಲ್ಲ. ಟೆಂಪರೇಚರ್ ಮುಳ್ಳು ಸತ್ತು ಎರಡು ವರ್ಷವಾಗಿತ್ತು, ನಾಳೆ ಹಾಕಿಸೋಣ ಅಂತಲೇ ಬಿಟ್ಟಿದ್ದೆ. ಎರಡು ತಿರುವು ಎಳೆಯದೆ ಒದ್ದಾಡಿತು, ಮೂರನೆಯದರಲ್ಲಿ ಕರ್ ಅಂದು ನಿಂತುಬಿಟ್ಟಿತು. ತಪ್ಪು ನೂರಕ್ಕೆ ನೂರು ನನ್ನದೇ, ಆ ವಿಷಯಕ್ಕೆ ಬಯ್ಯೋರು ಬೇಗ ಬೈದು ಮುಗಿಸಿ.

ಬಿಚ್ಚಿ ನೋಡಿದಾಗ ಮೂರನೇ ಪಿಸ್ಟನ್ ಲೈನರಿಗೆ ಕಚ್ಚಿಕೊಂಡಿದೆ, ಹೆಡ್ ಬಾಗಿದೆ, ಕ್ರ್ಯಾಂಕಿನ ಬೇರಿಂಗ್ ಸುತ್ತಿ ಕ್ರ್ಯಾಂಕ್ ಗೀರು ಬಿದ್ದಿದೆ. ಫುಲ್ ಇಂಜಿನ್ ಕೆಲಸಕ್ಕೆ 95 ಸಾವಿರ, ಮೂರು ವಾರ ಅಂದರು. ಓಡಿದ ಇಂಜಿನ್ 60 ಸಾವಿರಕ್ಕೆ ಸಿಗೋ ಹಾಗಿದೆ. ತಮ್ಮ ಐಟಿಐ ಫಿಟ್ಟರ್ ಓದಿದವನು, ನನಗೆ ಟಿಲ್ಲರ್ ಬಿಚ್ಚಿ ಕೂಡಿಸಿ ಅಭ್ಯಾಸ ಇದೆ. ಮನೆಯಲ್ಲೇ ಮಾಡೋಣ ಅಂತ ಇಬ್ಬರೂ ತಲೆಗೆ ಹಾಕಿಕೊಂಡಿದ್ದೇವೆ. ಆಯುಧಪೂಜೆ ಒಳಗೆ ಗಾಡಿ ಓಡಬೇಕು, ಆಮೇಲೆ ಅಡಿಕೆ ಕೊನೆ (ಗೊನೆ) ಕೊಯ್ಲು ಶುರು.

ಮುಖ್ಯ ಪ್ರಶ್ನೆ: ಎತ್ತೋದು ಹೇಗೆ? ಅಡಿಕೆ ಅಟ್ಟದ ತೊಲೆ ಹಲಸಿನ ಮರದ್ದು, ಅಜ್ಜನ ಕಾಲದ್ದು, ಗಟ್ಟಿ ಇದೆ. ಅದಕ್ಕೆ ಚೈನ್ ಬ್ಲಾಕ್ ಕಟ್ಟಬಹುದಾ?

ಗ್ರೀಸ್ ಕೈ (ತುಮಕೂರು)

ತೊಲೆಗೆ ಕಟ್ಟಬೇಡಿ. ಅಜ್ಜ ಆ ತೊಲೆ ಹಾಕಿಸಿದ್ದು ಉದ್ದಕ್ಕೂ ಹರಡಿಕೊಂಡ ಅಡಿಕೆ ಭಾರಕ್ಕೆ. ನಡು ಮಧ್ಯೆ ಒಂದೇ ಕಡೆ ಇನ್ನೂರು ಕೆಜಿ ಮೇಲೆ ನೇತುಹಾಕಿ ಜಗ್ಗೋದು ಬೇರೆ ಲೆಕ್ಕ. ಗೆದ್ದಲು ಒಳಗಿಂದ ತಿಂದಿದ್ದರೆ ಹೊರಗೆ ಕಾಣಲ್ಲ. ಇಂಜಿನ್ ಅರ್ಧ ಹೊರಗೆ, ಅರ್ಧ ಒಳಗೆ ಇದ್ದಾಗ ತೊಲೆ ಲಟಕ್ ಅಂದರೆ ಕೆಳಗಿರೋದು ನಿಮ್ಮ ತಮ್ಮ.

ನಾನು 26 ವರ್ಷದಿಂದ ಗ್ಯಾರೇಜು ನಡೆಸ್ತಿದ್ದೀನಿ. ಎತ್ತೋದು ಇಡೀ ಕೆಲಸದಲ್ಲಿ ಅತಿ ಸುಲಭದ್ದು. ಜನ ಅಲ್ಲೇ ಹೆದರ್ತಾರೆ, ಹೆದರಬೇಕಾದ ಕಡೆ ಹೆದರಲ್ಲ. ಮೊದಲು ಹೇಳಿ, 60 ಸಾವಿರದ ಇಂಜಿನ್ ನೋಡಿದ್ದೀರಾ, ಇಲ್ಲ ಫೋಟೊ ನೋಡಿದ್ದೀರಾ?

ರೊಟ್ಟಿ ಬುತ್ತಿ (ಗದಗ)

ಅಣ್ಣಾರ, ನಿಮ್ಮೂರಾಗ ಬೋರ್‌ವೆಲ್ ಮೋಟಾರ್ ಎತ್ತೋರು ಇಲ್ಲೇನ್ರಿ? ಅವರ ಕಡೆ ಕಬ್ಬಿಣದ ಮುಕ್ಕಾಲಿ ಇರ್ತದ, ಚೈನ್ ಬ್ಲಾಕೂ ಇರ್ತದ. ಆರುನೂರು ಅಡಿ ಪೈಪು ನೀರಿನ ಸಮೇತ ಎತ್ತೋ ಸಾಮಾನಿಗೆ ನಿಮ್ಮ ಇಂಜಿನ್ ಯಾವ ಲೆಕ್ಕ? ನಾವು ನಮ್ಮ ಟಾಟಾ 207 ಪಿಕಪ್ ಇಂಜಿನ್ ಹಂಗ ಇಳಿಸಿದ್ವಿ. ದಿನಕ್ಕ ಐನೂರು ಕೊಟ್ಟಿದ್ವಿ, ಮ್ಯಾಲ ಊಟ.

ಒಂದ ಮಾತು ನೆನಪಿಡ್ರಿ. ಮುಕ್ಕಾಲಿ ಕಾಲು ಜಾರ್ತಾವ. ಮೂರೂ ಕಾಲಿಗೆ ಬುಡದಾಗ ಸರಪಳಿ ಸುತ್ತಿ ಬಿಗೀರಿ. ನಿಮ್ಮ ಕಡೆ ಮಳಿ ನೆಲ, ಕಾಲು ಹೂತು ಹೋಗ್ತಾವ, ಕೆಳಗ ಹಲಗಿ ಹಾಕ್ರಿ.

ಘಾಟಿ ಡ್ರೈವರ್ (ಪುತ್ತೂರು)

ಜೆಸಿಬಿ ಕರೆಸಿ ಮಾರಾಯ್ರೆ, ಅರ್ಧ ಗಂಟೆ ಕೆಲಸ.

ಗ್ರೀಸ್ ಕೈ (ತುಮಕೂರು)

ಇಳಿಸೋಕೆ ಜೆಸಿಬಿ ಸರಿ. ಕೂರಿಸೋಕೆ ಬೇಡ. ಗೇರ್‌ಬಾಕ್ಸಿನ ಶಾಫ್ಟು ಕ್ಲಚ್ ಪ್ಲೇಟಿನೊಳಗೆ ಹೋಗುವಾಗ ಒಂದು ನೂಲಿನಷ್ಟು ಎತ್ತು, ಒಂದು ನೂಲಿನಷ್ಟು ಇಳಿಸು ಅಂತ ಬೇಕಾಗುತ್ತೆ. ಜೆಸಿಬಿಯವನು ಎಷ್ಟೇ ನಾಜೂಕು ಅಂದರೂ ಅವನ ಒಂದು ನೂಲು ಅಂದರೆ ಎರಡು ಇಂಚು.

ಅಡಿಕೆ ಪಿಕಪ್ (ತೀರ್ಥಹಳ್ಳಿ ಕಡೆ)

ರೊಟ್ಟಿ ಬುತ್ತಿಯವರೇ, ಮುಕ್ಕಾಲಿ ಐಡಿಯಾ ಬಂಗಾರ. ಪಕ್ಕದೂರಿನ ಬೋರ್‌ವೆಲ್‌ನವರು ನಮ್ಮ ಪರಿಚಯದವರೇ, ನನಗೆ ಹೊಳೆದೇ ಇರಲಿಲ್ಲ ನೋಡಿ. ಗ್ರೀಸ್ ಕೈ ಅಣ್ಣ, ಒಪ್ಪಿಕೊಂಡೆ, ಫೋಟೊ ಮಾತ್ರ ನೋಡಿದ್ದು. ನೋಡೋಕೆ ಹೋದರೆ ಏನೇನು ನೋಡಬೇಕು?

ಗ್ರೀಸ್ ಕೈ (ತುಮಕೂರು)

ಕೈಯಲ್ಲಿ ಟಾರ್ಚು, ಪಾನ (ಸ್ಪ್ಯಾನರ್), ಒಂದು ಬಿಳಿ ಬಟ್ಟೆ ಹಿಡಿದು ಹೋಗಿ. ಪೇಂಟ್ ಹೊಡೆದು ಮಿರಮಿರ ಮಾಡಿಟ್ಟಿದ್ದರೆ ಅದನ್ನ ಬಿಟ್ಟು ಪಕ್ಕದ ಕೊಳಕು ಇಂಜಿನ್ ನೋಡಿ. ಕೊಳಕು ಸುಳ್ಳು ಹೇಳಲ್ಲ.

ಆಯಿಲ್ ಹಾಕೋ ಮುಚ್ಚಳ ತೆಗೆದು ಕೆಳಭಾಗ ನೋಡಿ. ಕಾಫಿಗೆ ಹಾಲು ಹಾಕಿದ ಬಣ್ಣದ ಕೆನೆ ಅಂಟಿದ್ದರೆ ನೀರು ಆಯಿಲಿಗೆ ಸೇರಿದೆ ಅಂತ. ಕ್ರ್ಯಾಂಕ್ ಪುಲ್ಲಿಯ ಬೋಲ್ಟಿಗೆ ಪಾನ ಹಾಕಿ ಕೈಯಲ್ಲಿ ಎರಡು ಸುತ್ತು ಪೂರ್ತಿ ತಿರುಗಿಸಿ. ನಾಲ್ಕು ಕಡೆ ಕಂಪ್ರೆಷನ್ನಿಗೆ ತಡೆದು ಬಿಡಬೇಕು, ನಾಲ್ಕೂ ಕಡೆ ತಡೆ ಒಂದೇ ಥರ ಇರಬೇಕು. ಒಂದು ಕಡೆ ಸಲೀಸಾಗಿ ಜಾರಿದರೆ ಆ ಸಿಲಿಂಡರ್ ಹಾಳಾಗಿದೆ. ಆಮೇಲೆ ಪುಲ್ಲಿ ಹಿಡಿದು ಮುಂದೆ ಹಿಂದೆ ಎಳೆದು ನೂಕಿ. ಕಣ್ಣಿಗೆ ಕಾಣೋ ಹಾಗೆ ಆಡಿದರೆ ಥ್ರಸ್ಟ್ ವಾಷರ್ ಹೋಗಿದೆ. ಟರ್ಬೊ ಶಾಫ್ಟು ಬೆರಳಲ್ಲಿ ಅಲ್ಲಾಡಿಸಿ, ಚೂರು ಆಟ ಇರೋದು ಸಹಜ, ಆದರೆ ಫ್ಯಾನಿನ ರೆಕ್ಕೆ ಗೋಡೆಗೆ ತಾಗಬಾರದು. ಫ್ಲೈವೀಲಿನ ಹಲ್ಲು ಒಂದು ಸುತ್ತು ನೋಡಿ, ಸೆಲ್ಫ್ (ಸ್ಟಾರ್ಟರ್ ಮೋಟಾರ್) ಕಚ್ಚೋ ಜಾಗದಲ್ಲಿ ಸವೆದಿರುತ್ತೆ.

ಸಂಪ್ (ಕೆಳಗಿನ ಆಯಿಲ್ ತಟ್ಟೆ) ಬಿಚ್ಚೋಕೆ ಬಿಟ್ಟರೆ ಬಿಚ್ಚಿ. ಬಿಡಲ್ಲ ಅಂದರೆ ಬೆಲೆ ಇಳಿಸಿ ಕೇಳಿ. ಎರಡೂ ಆಗಲ್ಲ ಅಂದರೆ ಬಸ್ ಹತ್ತಿ ವಾಪಸ್ ಬನ್ನಿ.

ಪೆನ್ಸಿಲ್ ಪ್ರಿಂಟ್ (ಮೈಸೂರು)

ಎಲ್ಲರೂ ನಟ್ಟು ಬೋಲ್ಟು ಮಾತಾಡ್ತಿದ್ದೀರಿ, ಆರ್‌ಸಿ ಮಾತು ಯಾರೂ ಎತ್ತಲೇ ಇಲ್ಲ. ಆರ್‌ಸಿಯಲ್ಲಿ ಚಾಸಿ ನಂಬರಿನ ಜೊತೆ ಇಂಜಿನ್ ನಂಬರೂ ಇರುತ್ತೆ. ಇಂಜಿನ್ ಬದಲಾದರೆ ಅದೂ ಬದಲಾಗಬೇಕು. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಬದಲಾಯಿಸಿದ 14 ದಿನದೊಳಗೆ ಆರ್‌ಟಿಒಗೆ ತಿಳಿಸಬೇಕು. ನನ್ನ ಸಲಹೆ, ಇಂಜಿನ್ ದುಡ್ಡು ಕೊಡೋಕೆ ಮೊದಲೇ ಹೋಗಿ ಏನೇನು ಕಾಗದ ಬೇಕು ಅಂತ ಕೇಳಿ ಬನ್ನಿ. ಅದೇ ಮಾದರಿ, ಅದೇ ಡೀಸೆಲ್ ಇಂಜಿನ್ ಆದರೆ ಮಾತು ಸಲೀಸು. ಬೇರೆ ಗಾಡಿಯ ದೊಡ್ಡ ಇಂಜಿನ್ ತಂದು ತುರುಕಿದರೆ ಅದು ಬೇರೆಯೇ ಪುರಾಣ.

ಕೊಳ್ಳುವಾಗ ಬ್ಲಾಕ್ ಮೇಲಿನ ನಂಬರ್ ಕಣ್ಣಾರೆ ನೋಡಿ. ಗ್ರೈಂಡರ್ ಆಡಿಸಿದ ಗುರುತು, ಅಕ್ಷರ ಸೊಟ್ಟಪಟ್ಟ, ನಂಬರಿನ ಸುತ್ತ ಮಾತ್ರ ಹೊಸ ಪೇಂಟು, ಯಾವುದೇ ಇದ್ದರೂ ಮುಟ್ಟಬೇಡಿ. ಕಳವಿನ ಗಾಡಿಯದ್ದಾದರೆ ಸ್ಟೇಷನ್ ಮೆಟ್ಟಿಲು ಹತ್ತೋದು ಕೊಂಡವನು. ಬಿಲ್ಲಿನಲ್ಲಿ ಇಂಜಿನ್ ನಂಬರ್ ಬರೆಸಿ, ಅದು ಯಾವ ಗಾಡಿಯಿಂದ ಬಂತು ಅನ್ನೋ ದಾಖಲೆಯ ನಕಲು ಕೇಳಿ. ಲೋನ್ ಇದ್ದರೆ ಫೈನಾನ್ಸಿನವರ ಒಪ್ಪಿಗೆ ಪತ್ರ. ಇನ್ಶೂರೆನ್ಸಿನವರಿಗೂ ತಿಳಿಸಿ, ಇಲ್ಲದಿದ್ದರೆ ನಾಳೆ ಕ್ಲೇಮಿನ ದಿನ ಅವರಿಗೆ ಒಂದು ನೆಪ ಕೊಟ್ಟಂಗೆ.

ನಿಮ್ಮದು ಎಂಟು ವರ್ಷ ದಾಟಿದ ಸರಕು ಗಾಡಿ, ವರ್ಷ ವರ್ಷ ಎಫ್‌ಸಿ (ಫಿಟ್ನೆಸ್ ಸರ್ಟಿಫಿಕೇಟ್) ಮಾಡಿಸಬೇಕು. ಯಾರಿಗೂ ಗೊತ್ತಾಗಲ್ಲ ಅಂದುಕೊಂಡರೂ ಅಲ್ಲಿ ಗೊತ್ತಾಗುತ್ತೆ.

ಅಡಿಕೆ ಪಿಕಪ್ (ತೀರ್ಥಹಳ್ಳಿ ಕಡೆ)

ಲೋನ್ ತೀರಿ ಏಳು ವರ್ಷ ಆಯ್ತು, ಸದ್ಯ.

ಫೋಟೊದಲ್ಲಿ ನೋಡಿದ್ದ ಇಂಜಿನ್ ಬಿಟ್ಟೆ. ಪುಲ್ಲಿಗೆ ಪಾನ ಹಾಕುತ್ತೇನೆ ಅಂದಿದ್ದೇ ತಡ, ಅಂಗಡಿಯವರ ಮುಖ ಬದಲಾಯಿತು. ಬೆಂಗಳೂರಿಗೆ ಹೋಗಿ ಶಿವಾಜಿನಗರದ ಗುಜರಿ ಸಾಲಿನಲ್ಲಿ ಒಂದು ದಿನ ಪೂರ್ತಿ ಸುತ್ತಿದೆ. ಐದು ಇಂಜಿನ್ ತಿರುಗಿಸಿ ನೋಡಿದ್ದೇನೆ, ಕೈಯಲ್ಲಿ ಬೊಬ್ಬೆ ಎದ್ದಿದೆ. ಕೊನೆಗೆ ಸಿಕ್ಕಿದ್ದು ಹಿಂದಿನಿಂದ ಲಾರಿ ಗುದ್ದಿದ ಪಿಕಪ್ಪಿನದ್ದು, ಮುಂಭಾಗಕ್ಕೆ ಏನೂ ಆಗಿಲ್ಲ. ನಾಲ್ಕೂ ಕಡೆ ಸಮ ತಡೆಯಿತು. 64 ಸಾವಿರ, ಟರ್ಬೊ ಪಂಪು ಸೆಲ್ಫ್ ಸಮೇತ, ನಂಬರ್ ಬರೆದ ಬಿಲ್ಲಿನ ಜೊತೆ. ಬರುವಾಗ ಜೆಸಿ ರೋಡಿನಲ್ಲಿ ಕ್ಲಚ್ ಪ್ಲೇಟು, ಪ್ರೆಷರ್ ಪ್ಲೇಟು, ಪೈಲಟ್ ಬೇರಿಂಗು (ಗೇರ್‌ಬಾಕ್ಸ್ ಶಾಫ್ಟಿನ ತುದಿ ಕೂರುವುದು), ಹಿಂದಿನ ಆಯಿಲ್ ಸೀಲು, ಹೋಸುಗಳು, ಮೌಂಟಿಂಗ್ ರಬ್ಬರು ಎಲ್ಲ ತಗೊಂಡೆ. ಟೆಂಪರೇಚರ್ ಸೆನ್ಸರ್ ಕೂಡ. ನಗಬೇಡಿ.

ಹ್ಯೂಸ್ಟನ್ ಹೈದ

ಇಲ್ಲಿ ಟೂಲ್ ಬಾಡಿಗೆ ಅಂಗಡಿಯಲ್ಲಿ ಇಂಜಿನ್ ಎತ್ತೋ ಹಾಯಿಸ್ಟು ದಿನದ ಲೆಕ್ಕದಲ್ಲಿ ಸಿಗುತ್ತೆ, ಮಡಚಿ ಕಾರ್ ಹಿಂದೆ ಹಾಕ್ಕೊಂಡು ಬರಬಹುದು. ಆದರೆ ಇಲ್ಲಿನ ಪಿಕಪ್ಪುಗಳ ಗಾತ್ರ ನೋಡಬೇಕು ನೀವು. ಪಕ್ಕದ ಮನೆಯವರ ಫೋರ್ಡ್ ಎಫ್-250, 6 ಲೀಟರಿನ ವಿ8 ಡೀಸೆಲ್. ಅದರಲ್ಲಿ ದೊಡ್ಡ ಕೆಲಸ ಬಂದರೆ ಇಂಜಿನ್ ಇಳಿಸಲ್ಲ, ಇಡೀ ಕ್ಯಾಬಿನ್ನನ್ನೇ ಚಾಸಿ ಮೇಲಿಂದ ಎತ್ತಿಬಿಡ್ತಾರೆ! ಕೈ ಹೋಗೋಕೆ ಜಾಗವೇ ಇಲ್ಲ ಅದರಲ್ಲಿ. ನಿಮ್ಮ ಬಾನೆಟ್ ಒಳಗೆ ಒಬ್ಬ ಮನುಷ್ಯ ನಿಂತು ಕೆಲಸ ಮಾಡಬಹುದು, ಪುಣ್ಯವಂತರು.

ರೊಟ್ಟಿ ಬುತ್ತಿ (ಗದಗ)

ಕ್ಯಾಬಿನ್ ಎತ್ತಾಕ ಎಷ್ಟ ಮುಕ್ಕಾಲಿ ಬೇಕ್ರಿ?

ಅಡಿಕೆ ಪಿಕಪ್ (ತೀರ್ಥಹಳ್ಳಿ ಕಡೆ)

ಇಂಜಿನ್ ಇಳಿಯಿತು! ಬೆಳಿಗ್ಗೆ ಎಂಟಕ್ಕೆ ಶುರು ಮಾಡಿ ಸಂಜೆ ಐದಕ್ಕೆ ಹಲಗೆ ಮೇಲೆ.

ನಾಳೆ ಯಾರಾದರೂ ಮಾಡುವವರಿಗೆ ಇರಲಿ ಅಂತ ಬರೆಯುತ್ತೇನೆ. ಬಾನೆಟ್ಟಿನ ಕೀಲಿನ ಸುತ್ತ ಪೇಂಟಿನಲ್ಲಿ ಗುರುತು ಹಾಕಿಕೊಂಡು ಬಿಚ್ಚಿದೆವು. ಬ್ಯಾಟರಿ ನೆಗೆಟಿವ್ ಮೊದಲು. ಪ್ರತಿ ವೈರಿಗೂ ಬಿಳಿ ಟೇಪು ಸುತ್ತಿ ಹೆಸರು ಬರೆದು, ಎರಡೂ ಕಡೆಯಿಂದ ಮೊಬೈಲಿನಲ್ಲಿ ಫೋಟೊ. ಬೋಲ್ಟುಗಳನ್ನು ಡಬ್ಬಿಗೆ ಸುರಿಯದೆ, ರಟ್ಟಿನ ಮೇಲೆ ಬೆಲ್‌ಹೌಸಿಂಗಿನ (ಗೇರ್‌ಬಾಕ್ಸ್ ಇಂಜಿನ್ನಿಗೆ ಕೂಡುವ ಕವಚ) ಚಿತ್ರ ಬರೆದು ಯಾವ ತೂತಿನದು ಅಲ್ಲಿಗೇ ಚುಚ್ಚಿಟ್ಟೆವು, ಅದರಲ್ಲಿ ಉದ್ದ ಗಿಡ್ಡ ಇರುತ್ತವೆ. ರೇಡಿಯೇಟರ್, ಮುಂದಿನ ಜಾಲರಿ ತೆಗೆದ ಮೇಲೆ ದಾರಿ ಬಿಡುಗಡೆ. ಗೇರ್‌ಬಾಕ್ಸನ್ನು ಅಲ್ಲೇ ಬಿಟ್ಟು ಕೆಳಗೆ ಜಾಕು, ನಡುವೆ ಮರದ ತುಂಡು. ಬೆಲ್‌ಹೌಸಿಂಗಿನ ಮೇಲಿನ ಎರಡು ಬೋಲ್ಟು ಮಾತ್ರ ಎರಡು ಗಂಟೆ ತಿಂದವು. ಮೂರು ಎಕ್ಸ್‌ಟೆನ್ಷನ್ ಜೋಡಿಸಿ, ಗಾಡಿ ಕೆಳಗೆ ಮಲಗಿ, ಗೇರ್‌ಬಾಕ್ಸಿನ ಮೇಲಿಂದ ಕಣ್ಣು ಕಾಣದೆ ಬರೀ ಬೆರಳ ತುದಿಯಲ್ಲಿ ಹುಡುಕಬೇಕು.

ಮುಕ್ಕಾಲಿ ನಿಲ್ಲಿಸಿ ಇಂಜಿನ್ ಮುಂದಕ್ಕೆ ಎಳೆದು ಎತ್ತಿದ ಮೇಲೆ ಇಂಜಿನ್ನನ್ನು ಅಲುಗಿಸಲಿಲ್ಲ. ಜಾಕು ತೆಗೆಯುವ ಮೊದಲು ಗೇರ್‌ಬಾಕ್ಸನ್ನು ಅಡ್ಡ ಪೈಪಿಗೆ ಸರಪಳಿಯಲ್ಲಿ ಕಟ್ಟಿ, ಗಾಡಿಯನ್ನೇ ನಾಲ್ಕು ಜನ ಹಿಂದಕ್ಕೆ ನೂಕಿದೆವು. ನೇತಾಡುವ ಇಂಜಿನ್ ಕೆಳಗೆ ಒಂದು ಬೆರಳೂ ಇಡಬಾರದು ಅಂತ ಮೊದಲೇ ಮಾತಾಡಿಕೊಂಡಿದ್ದೆವು.

ಅಜ್ಜಿ ಮಾತ್ರ ಪಿತೃಪಕ್ಷದಲ್ಲಿ ಇಂಥ ಕೆಲಸ ಬೇಡ ಅಂದಿದ್ದರು. ಇಳಿಸೋದು ಮಾತ್ರ, ಕೂರಿಸೋದು ನವರಾತ್ರಿಯಲ್ಲಿ ಅಂತ ಒಪ್ಪಂದವಾಗಿದೆ.

ಘಾಟಿ ಡ್ರೈವರ್ (ಪುತ್ತೂರು)

ರೇಡಿಯೇಟರ್ ನೀರಿನ ಕೂಲೆಂಟ್ ಏನು ಮಾಡಿದ್ರಿ? ಅಂಗಳದಲ್ಲಿ ಚೆಲ್ಲಿದ್ರೆ ಈಗಲೇ ತೊಳೆಯಿರಿ ಮಾರಾಯ್ರೆ. ಅದು ಸಿಹಿ ಇರ್ತದೆ, ನಾಯಿ ದನ ನೆಕ್ತಾವೆ, ಕಿಡ್ನಿ ಹೋಗ್ತದೆ. ನಮ್ಮ ಕಡೆ ಒಬ್ಬರ ಮನೆಯ ನಾಯಿ ಎರಡೇ ದಿನದಲ್ಲಿ ಹೋಯಿತು.

ಅಡಿಕೆ ಪಿಕಪ್ (ತೀರ್ಥಹಳ್ಳಿ ಕಡೆ)

ಅಯ್ಯೋ, ಒಳ್ಳೆಯದಾಯ್ತು ಹೇಳಿದ್ದು. ಒಳಗೆ ಉಳಿದಿದ್ದಷ್ಟನ್ನು ಅಗಲದ ಬೋಗುಣಿಯಲ್ಲಿ ಹಿಡಿದು ಕೊಟ್ಟಿಗೆ ಪಕ್ಕವೇ ಇಟ್ಟಿದ್ದೆ. ಈಗ ಕ್ಯಾನಿಗೆ ಹಾಕಿ ಮುಚ್ಚಿ ಮೇಲಿಟ್ಟೆ, ನೆಲ ತೊಳೆದೆ.

ತಿರುವಿನ ಪ್ರಶ್ನೆ (ಹಾಸನ)

ನನ್ನದು 2019ರ ಕಾಮನ್ ರೈಲ್ (ಕಂಪ್ಯೂಟರ್ ಹಿಡಿತದಲ್ಲಿ ಡೀಸೆಲ್ ಹೋಗೋ) ಪಿಕಪ್. ಇದೇ ಥರ ಮನೆಯಲ್ಲಿ ಮಾಡಬಹುದಾ?

ಗ್ರೀಸ್ ಕೈ (ತುಮಕೂರು)

ಇಳಿಸಬಹುದು, ಕೂರಿಸಬಹುದು. ಆಮೇಲಿನದ್ದಕ್ಕೆ ಸ್ಕ್ಯಾನರ್ ಬೇಕು. ಇಂಜೆಕ್ಟರ್ ಬದಲಾದರೆ ಪ್ರತಿಯೊಂದರ ತಲೆ ಮೇಲಿನ ಕೋಡನ್ನು ಇಸಿಯುಗೆ (ಇಂಜಿನ್ನಿನ ಕಂಪ್ಯೂಟರಿಗೆ) ತುಂಬಿಸಬೇಕಾಗುತ್ತೆ, ಇಲ್ಲದಿದ್ದರೆ ಒರಟಾಗಿ ಓಡುತ್ತೆ, ಹೊಗೆ ಬರುತ್ತೆ. ವೈರಿಂಗ್ ಒಂದು ಪಿನ್ ಬಾಗಿದರೂ ದಿನಗಟ್ಟಲೆ ಹುಡುಕಾಟ. ಡೀಸೆಲ್ ಪೈಪಿನ ಬಾಯಿ ಬಿಚ್ಚಿದ ಕೂಡಲೇ ಕ್ಯಾಪ್ ಹಾಕಿ, ಒಂದು ಮರಳಿನ ಕಣ ಸಾಕು ಇಂಜೆಕ್ಟರ್ ಕೊಲ್ಲೋಕೆ.

ಇನ್ನೊಂದು, ಹಳೇ ಪಂಪಿನ ಗಾಡಿಯಲ್ಲಿ ಇಂಜೆಕ್ಟರ್ ಪೈಪಿನ ನಟ್ಟು ಸಡಿಲಿಸಿ ಗಾಳಿ ತೆಗೆಯೋ ಅಭ್ಯಾಸ ಇರುತ್ತಲ್ಲ, ಅದನ್ನ ಕಾಮನ್ ರೈಲಿನಲ್ಲಿ ಮಾಡಬೇಡಿ. ಒಳಗೆ ಸಾವಿರ ಬಾರ್ ಮೇಲೆ ಒತ್ತಡ. ಸೋರೋದನ್ನ ಕೈಯಿಂದ ಮುಟ್ಟಿ ನೋಡಿದರೆ ಡೀಸೆಲ್ ಚರ್ಮ ಸೀಳಿ ಒಳಗೆ ಹೋಗುತ್ತೆ. ಹೊರಗೆ ಸೂಜಿ ಚುಚ್ಚಿದಷ್ಟೇ ಕಾಣುತ್ತೆ, ಆದರೆ ಕೂಡಲೇ ಆಸ್ಪತ್ರೆಗೆ ಓಡದಿದ್ದರೆ ಬೆರಳು ಹೋಗುತ್ತೆ. ರಟ್ಟು ಹಿಡಿದು ನೋಡಿ.

ಅಡಿಕೆ ಪಿಕಪ್ (ತೀರ್ಥಹಳ್ಳಿ ಕಡೆ)

ಕೂರಿಸೋ ಕೆಲಸ ಅರ್ಧಕ್ಕೆ ನಿಂತಿದೆ, ತಲೆ ಕೆಟ್ಟಿದೆ. ಇಂಜಿನ್ ಒಳಗೆ ಹೋಯಿತು, ಶಾಫ್ಟ್ ಕ್ಲಚ್ ಪ್ಲೇಟಿಗೂ ಸೇರಿತು. ಬೆಲ್‌ಹೌಸಿಂಗಿಗೂ ಬ್ಲಾಕಿಗೂ ನಡುವೆ ಇನ್ನು ಮುಕ್ಕಾಲು ಇಂಚು ಸಂದಿ. ಮುಂದೆ ಹೋಗುತ್ತಲೇ ಇಲ್ಲ. ಎರಡು ಉದ್ದ ಬೋಲ್ಟ್ ಹಾಕಿ ಬಿಗಿದು ಎಳೆದುಕೊಳ್ಳಲಾ?

ಗ್ರೀಸ್ ಕೈ (ತುಮಕೂರು)

ಬೇಡ ಬೇಡ ಬೇಡ. ಪಾನ ಕೆಳಗಿಡಿ.

ಬೋಲ್ಟಲ್ಲಿ ಎಳೆದರೆ ಬೆಲ್‌ಹೌಸಿಂಗಿನ ಕಿವಿ ಮುರಿಯುತ್ತೆ, ಇಲ್ಲ ಕ್ಲಚ್ ಪ್ಲೇಟಿನ ನಡು ಬಾಗುತ್ತೆ. ಬ್ಲಾಕು ಬೆಲ್‌ಹೌಸಿಂಗು ಮುಖಕ್ಕೆ ಮುಖ ತಾಗೋವರೆಗೆ ಕೈಯಲ್ಲೇ ಹೋಗಬೇಕು. ಬೋಲ್ಟ್ ಇರೋದು ಹಿಡಿದಿಡೋಕೆ, ಎಳೆಯೋಕಲ್ಲ. ಹಾಗಂತ ಬಿಟ್ಟು ಊಟಕ್ಕೂ ಹೋಗಬೇಡಿ, ಇಂಜಿನ್ ಭಾರ ಶಾಫ್ಟಿನ ಮೇಲೆ ಕೂರಬಾರದು, ಚೈನ್ ಬಿಗಿಯಾಗೇ ಇರಲಿ.

ಈಗ ಹೇಳಿ. ಹಳೇ ಪೈಲಟ್ ಬೇರಿಂಗ್ ತೆಗೆದು ಹೊಸದು ಹಾಕಿದಿರಾ, ಇಲ್ಲ ಹಳೆಯದರ ಮೇಲೇ ಹೊಸದು ಬಡಿದಿರಾ? ಪ್ಲೇಟ್ ಕೂರಿಸುವಾಗ ನಡುವೆ ಏನು ಹಾಕಿ ಸೆಂಟರ್ ಮಾಡಿದಿರಿ? ಸಂದಿ ಸುತ್ತ ಒಂದೇ ಅಳತೆ ಇದೆಯಾ, ಮೇಲೆ ಕಡಿಮೆ ಕೆಳಗೆ ಜಾಸ್ತಿ ಇದೆಯಾ?

ಅಡಿಕೆ ಪಿಕಪ್ (ತೀರ್ಥಹಳ್ಳಿ ಕಡೆ)

ಬೇರಿಂಗ್ ಸರಿಯಾಗಿ ತೆಗೆದೆವು. ತೂತಿಗೆ ಗ್ರೀಸ್ ತುಂಬಿ, ಸರಿಯಾಗಿ ಕೂರುವ ರಾಡು ಇಟ್ಟು ಸುತ್ತಿಗೆ ಹೊಡೆದರೆ ಗ್ರೀಸ್ ಹಿಂದಿನಿಂದ ನೂಕಿ ತಾನೇ ಹೊರಗೆ ಬಂತು. ಪ್ಲೇಟಿಗೆ ತಮ್ಮ ಮರದಲ್ಲಿ ಶಾಫ್ಟಿನ ಅಳತೆಗೆ ಒಂದು ಗೂಟ ಕೆತ್ತಿದ್ದ. ಸಂದಿ ಮೇಲೆ ಜಾಸ್ತಿ, ಕೆಳಗೆ ಕಡಿಮೆ.

ಗ್ರೀಸ್ ಕೈ (ತುಮಕೂರು)

ಹಾಗಾದ್ರೆ ಎರಡೂ ಒಂದೇ ಗೆರೆಯಲ್ಲಿಲ್ಲ. ಗೇರ್‌ಬಾಕ್ಸಿನ ಮೂತಿ ಮೇಲೆ ನೋಡ್ತಿದೆ ಇಲ್ಲ ಇಂಜಿನ್ನಿನ ಮುಂಭಾಗ ಕೆಳಗೆ ಜೋತಿದೆ. ಜಾಕು ಕಾಲು ತಿರುವು ಇಳಿಸಿ ನೋಡಿ, ಸಂದಿ ಸುತ್ತ ಸಮ ಆಗಬೇಕು. ಸಮ ಆದ ಮೇಲೂ ಹೋಗದಿದ್ದರೆ ಟಾಪ್ ಗೇರಿಗೆ ಹಾಕಿ ತಮ್ಮನಿಗೆ ಪ್ರೊಪೆಲ್ಲರ್ ಶಾಫ್ಟನ್ನ ಕೈಯಲ್ಲಿ ನಿಧಾನ ತಿರುಗಿಸೋಕೆ ಹೇಳಿ. ಗಾಡಿಯ ಹಿಂದಿನ ಚಕ್ರ ಎತ್ತಿ ಸ್ಟ್ಯಾಂಡಲ್ಲಿ ಭದ್ರವಾಗಿ ನಿಲ್ಲಿಸಿರಬೇಕು. ನೀವು ಮುಂದಿನಿಂದ ಇಂಜಿನ್ ಅಪ್ಪಿಕೊಂಡು ಸಣ್ಣಗೆ ಅಲ್ಲಾಡಿಸ್ತಾ ನೂಕಿ.

ಅಡಿಕೆ ಪಿಕಪ್ (ತೀರ್ಥಹಳ್ಳಿ ಕಡೆ)

ಹೋಯ್ತು!!

ಜಾಕು ಇಳಿಸಿದ್ದು ಅಷ್ಟೇ ಅಷ್ಟು. ಸಂದಿಯೊಳಗೆ ಟಾರ್ಚ್ ಬಿಟ್ಟು ನೋಡಿದರೆ ಮೇಲೂ ಕೆಳಗೂ ಬೆಳಕಿನ ಗೆರೆ ಒಂದೇ ದಪ್ಪ. ತಮ್ಮ ಕೆಳಗೆ ಮಲಗಿ ಶಾಫ್ಟ್ ತಿರುಗಿಸ್ತಾ "ಅಣ್ಣಾ ಈಗ" ಅಂದ, ನಾನು ಇಂಜಿನ್ ತಬ್ಬಿಕೊಂಡು ತಳ್ಳಿದೆ, ಬೀರುವಿನ ಬಾಗಿಲು ಮುಚ್ಚಿದ ಹಾಗೆ ಟಪ್ ಅಂತ ಕೂತಿತು. ಬೋಲ್ಟು ಬೆರಳಿನಲ್ಲೇ ಪೂರ್ತಿ ಒಳಗೆ ಹೋದವು. ಅಣ್ಣ, ಊರಿಗೆ ಬಂದರೆ ಕೆಂಪಡಿಕೆ ನಿಮಗೆ.

ಗ್ರೀಸ್ ಕೈ (ತುಮಕೂರು)

ಅಡಿಕೆ ಇರಲಿ. ಸೆಲ್ಫ್ ಹೊಡೆಯೋಕೆ ಮುಂಚೆ ಇದನ್ನ ಓದಿ.

ಈ ಇಂಜಿನ್ ಎಷ್ಟು ತಿಂಗಳು ಗುಜರಿಯಲ್ಲಿ ಬಿದ್ದಿತ್ತೋ, ಒಳಗೆ ಆಯಿಲ್ ಇಳಿದು ಬೇರಿಂಗ್ ಒಣಗಿರುತ್ತೆ. ಹೊಸ ಆಯಿಲ್, ಹೊಸ ಫಿಲ್ಟರ್. ಟರ್ಬೊಗೆ ಹೋಗೋ ಆಯಿಲ್ ಪೈಪ್ ಬಿಚ್ಚಿ ತೂತಿಗೆ ಸಿರಿಂಜಲ್ಲಿ ಆಯಿಲ್ ಬಿಟ್ಟು ಆಮೇಲೆ ಜೋಡಿಸಿ. ಪಂಪಿನ ಸ್ಟಾಪ್ ವೈರ್ ತೆಗೆದಿಟ್ಟು, ಅಂದರೆ ಡೀಸೆಲ್ ಹೋಗದ ಹಾಗೆ ಮಾಡಿ, ಹತ್ತು ಸೆಕೆಂಡು ಸೆಲ್ಫ್ ಹೊಡೆಯಿರಿ, ಒಂದು ನಿಮಿಷ ಬಿಡಿ, ಮತ್ತೆ ಹೊಡೆಯಿರಿ. ಆಯಿಲ್ ಲೈಟ್ ಆರೋವರೆಗೆ. ಲೈಟ್ ಆರಿದ ಮೇಲೆ ವೈರ್ ಹಾಕಿ, ಫಿಲ್ಟರ್ ಮೇಲಿನ ಕೈಪಂಪು ಒತ್ತಿ ಗಾಳಿ ತೆಗೆದು ಸ್ಟಾರ್ಟ್ ಮಾಡಿ.

ಮತ್ತೆ, ಏರ್ ಫಿಲ್ಟರ್ ಪೈಪ್ ಬಿಚ್ಚಿಡಿ, ತಮ್ಮನ ಕೈಯಲ್ಲಿ ಒಂದು ಪ್ಲೈವುಡ್ ತುಂಡು ಕೊಟ್ಟು ಅದರ ಬಾಯಿ ಪಕ್ಕ ನಿಲ್ಲಿಸಿ. ಗುಜರಿ ಟರ್ಬೊ ಸೀಲ್ ಹೋಗಿದ್ದರೆ ಇಂಜಿನ್ ತನ್ನ ಆಯಿಲನ್ನೇ ಕುಡಿದು ಏರುತ್ತೆ, ಕೀ ತೆಗೆದರೂ ನಿಲ್ಲಲ್ಲ. ಆಗ ಗಾಳಿ ಮುಚ್ಚಿದರೆ ಮಾತ್ರ ಸಾಯುತ್ತೆ. ಕೈಯಿಂದ, ಬಟ್ಟೆಯಿಂದ ಮುಚ್ಚಬೇಡಿ, ಒಳಗೆ ಎಳೆದುಕೊಳ್ಳುತ್ತೆ.

ಅಡಿಕೆ ಪಿಕಪ್ (ತೀರ್ಥಹಳ್ಳಿ ಕಡೆ)

ಪ್ಲೈವುಡ್ ಬೇಕಾಗಲಿಲ್ಲ. ಐದನೇ ಸಲಕ್ಕೆ ಲೈಟ್ ಆರಿತು. ವೈರ್ ಹಾಕಿದ ಮೇಲೆ ಒಂದು ಸಿಲಿಂಡರ್ ಹೊಡೆಯಿತು, ಆಮೇಲೆ ಎರಡು, ಅಂಗಳವೆಲ್ಲ ಬಿಳಿ ಹೊಗೆ, ಆಮೇಲೆ ನಾಲ್ಕೂ. ಅಜ್ಜಿ ಒಳಗಿಂದ ಕೆಮ್ಮುತ್ತ ಬಂದು ನೋಡಿ ಹೋದರು.

ಆದರೆ ಒಂದು ಎಡವಟ್ಟು ಹೇಳಲೇಬೇಕು. ಖುಷಿಯಲ್ಲಿ ಗೇಟಿನವರೆಗೆ ಒಂದು ಸುತ್ತು ಹೊರಟೆ. ಬ್ರೇಕ್ ಒತ್ತಿದರೆ ಪೆಡಲು ಕಲ್ಲು! ಎರಡೂ ಕಾಲಲ್ಲಿ ಒತ್ತಿ, ಹ್ಯಾಂಡ್‌ಬ್ರೇಕ್ ಎಳೆದು, ಗೇಟಿಗೆ ಒಂದು ಮಾರು ದೂರದಲ್ಲಿ ನಿಂತೆ. ಡೈನಮೋ ಹಿಂದಿನ ವ್ಯಾಕ್ಯೂಮ್ ಪಂಪಿಂದ ಬ್ರೇಕ್ ಬೂಸ್ಟರಿಗೆ ಹೋಗುವ ಹೋಸ್ ಹಾಕಿರಲೇ ಇಲ್ಲ. ಅದರ ಫೋಟೊ ಇತ್ತು, ಟೇಪಿನಲ್ಲಿ ಹೆಸರೂ ಇತ್ತು. ಟೇಪು ಬಿಳಿ ಬಿಳಿಯಾಗಿ ಕಣ್ಣೆದುರೇ ನೇತಾಡುತ್ತಿತ್ತು.

ರೊಟ್ಟಿ ಬುತ್ತಿ (ಗದಗ)

ಗೇಟು ಉಳೀತಲ್ರಿ, ದೊಡ್ಡದು. ಆಯುಧಪೂಜಿಗೆ ನಿಂಬಿಹಣ್ಣು ಎರಡ ಜಾಸ್ತಿ ಇಡ್ರಿ.

ಪೆನ್ಸಿಲ್ ಪ್ರಿಂಟ್ (ಮೈಸೂರು)

14 ದಿನ ಎಣಿಸೋಕೆ ಶುರು ಮಾಡಿ. ಹಬ್ಬದ ರಜೆ ಮಧ್ಯೆ ಬರುತ್ತೆ.

ಅಡಿಕೆ ಪಿಕಪ್ (ತೀರ್ಥಹಳ್ಳಿ ಕಡೆ)

ಹಬ್ಬ ಮುಗಿದ ಮೇಲಿನ ಸುದ್ದಿ. ಆರ್‌ಟಿಒಗೆ ಗಾಡಿ ಒಯ್ದಿದ್ದೆ. ಬಿಲ್ಲು, ಅರ್ಜಿ, ಇನ್ಶೂರೆನ್ಸ್ ಎಲ್ಲ ನೋಡಿದರು. ಇನ್‌ಸ್ಪೆಕ್ಟರು ಬಗ್ಗಿ ಬ್ಲಾಕಿನ ನಂಬರಿನ ಮೇಲೆ ಕಾಗದ ಇಟ್ಟು ಪೆನ್ಸಿಲ್ ಉಜ್ಜಿದರು. ಗ್ರೀಸ್ ಅಂಟಿ ಎರಡು ಅಕ್ಷರ ಮೂಡಲಿಲ್ಲ, ನಾನೇ ಡೀಸೆಲ್ ಬಟ್ಟೆಯಲ್ಲಿ ಒರೆಸಿಕೊಟ್ಟೆ. ಹೋಗುವ ಮೊದಲೇ ಅದನ್ನು ತೊಳೆದಿಡಿ. ಹಳೇ ಇಂಜಿನ್ ಏನು ಮಾಡಿದಿರಿ ಅಂತಲೂ ಕೇಳಿದರು. ಮನೆಯಲ್ಲೇ ಇದೆ ಅಂದೆ. ಆರ್‌ಸಿ ಬದಲಾಗಿ ಬರುವವರೆಗೆ ಗುಜರಿಗೆ ಹಾಕಲ್ಲ.

ಒಟ್ಟು ಖರ್ಚು 64 ಸಾವಿರದ ಇಂಜಿನ್, ಬಿಡಿಭಾಗ ಆಯಿಲ್ ಎಲ್ಲ ಸೇರಿ 17 ಸಾವಿರ ಚಿಲ್ಲರೆ, ಬೆಂಗಳೂರಿನಿಂದ ಸಾಗಿಸಿದ್ದು ಬೇರೆ. ಉಳಿತಾಯ ಅಂದುಕೊಂಡಷ್ಟಿಲ್ಲ. ಐನೂರು ಕಿಲೋಮೀಟರ್ ಆಗಿದೆ, ಹೆಡ್ ಸುತ್ತ ಒಣಗಿದೆ, ನೀರು ಇಳಿದಿಲ್ಲ, ಟೆಂಪರೇಚರ್ ಮುಳ್ಳು ನಡುಮಧ್ಯೆ ನಿಂತಿದೆ. ಓಡಿಸುವಾಗ ರಸ್ತೆಗಿಂತ ಅದನ್ನೇ ಜಾಸ್ತಿ ನೋಡ್ತೀಯ ಅಂತ ತಮ್ಮ ಬೈತಾನೆ.

ತಿರುವಿನ ಪ್ರಶ್ನೆ (ಹಾಸನ)

ಆ ಮರದ ಗೂಟದ ಅಳತೆ ಇದ್ದರೆ ಹಾಕ್ತೀರಾ? ನಮ್ಮ ದೊಡ್ಡಪ್ಪನದೂ ಇದೇ ಗಾಡಿ, ಕ್ಲಚ್ ಕೆಲಸ ಇದೆ.

ಅಡಿಕೆ ಪಿಕಪ್ (ತೀರ್ಥಹಳ್ಳಿ ಕಡೆ)

ಅಳತೆ ಯಾಕೆ, ಗೂಟವನ್ನೇ ಕಳಿಸುತ್ತೇನೆ. ಮೆಸೇಜಿನಲ್ಲಿ ವಿಳಾಸ ಹಾಕಿ. ತಮ್ಮ ಸಾಗುವಾನಿಯಲ್ಲಿ ಕೆತ್ತಿದ್ದಾನೆ, ಕೆಲಸ ಮುಗಿದ ಮೇಲೆ ವಾಪಸ್ ಕಳಿಸಬೇಕಂತೆ.